ಬಣ್ಣದ ಆಟವೆಂಬ ಆಕ್ಷೇಪ

ನಮ್ಮ ಸೀಮೆಯ ಪದವಿಪೂರ್ವ ಕಾಲೇಜುಗಳಲ್ಲಿ ಗಣಕವಿಜ್ಞಾನದ ಬೋಧನೆಯ ಮಾತು ಬಂದಾಗಲೆಲ್ಲ, ಯಾರೊಬ್ಬರೂ ವಾದಿಸಿ ಸ್ಥಾಪಿಸದೆ ಇದ್ದರೂ ಎಲ್ಲರೂ ಸಿದ್ಧಾಂತವೆಂದೇ ಅಂಗೀಕರಿಸಿರುವ ಒಂದು ಅಭಿಪ್ರಾಯವುಂಟು. ಪ್ರೋಗ್ರಾಮಿಂಗಿಗೆ ಹೊಸಬರಾದ ಮಕ್ಕಳಿಗೆ ಷರತ್ತಿನ ವಾಕ್ಯವನ್ನು, ಅಂದರೆ ‘ಇಫ್’ ಮತ್ತು ‘ಎಲ್ಸ್’ಗಳನ್ನು, ಶುದ್ಧವಾದ ಸಂಖ್ಯೆಗಳಿಂದಲೇ ಕಲಿಸತಕ್ಕದ್ದು, ಸಮಸಂಖ್ಯೆ ಬೆಸಸಂಖ್ಯೆ, ಮೂರರಲ್ಲಿ ದೊಡ್ಡದು, ಅಧಿಕವರ್ಷ, ಉತ್ತೀರ್ಣ ಅನುತ್ತೀರ್ಣ ಎಂಬ ನಾಲ್ಕು ಮೆಟ್ಟಿಲುಗಳನ್ನು ಹತ್ತಿಸಿದ ಮೇಲೆ ವಿವೇಚನೆಯೆಂಬುದು ತಾನಾಗಿ ಉದಿಸುವುದು, ಛಾಯಾಚಿತ್ರದ ಬಣ್ಣಗಳನ್ನು ತಿದ್ದುತ್ತ ಅದೇ ವಾಕ್ಯವನ್ನು ಕಲಿಸುವುದೆಂದರೆ ತರ್ಕವನ್ನು ಸ್ಟುಡಿಯೋದ ಕಸುಬಿಗೆ ಇಳಿಸಿದಂತೆ, ಆಟಕ್ಕೆ ಪಾಠದ ಅಂಗಿ ತೊಡಿಸಿದಂತೆ, ಎಂಬುದೇ ಆ ಅಭಿಪ್ರಾಯ. ಹಿಂದೆ ಶಾಸನಗಳು ಕೋಗಳಿ ಐನೂರೆಂದು ಕರೆದ ನಾಡಿನೊಳಗೆ, ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗಣ ತಾಲ್ಲೂಕುಗಳಲ್ಲಿ, ಬಹುಕಾಲ ಇದೇ ಪಾಠವನ್ನು ಹೇಳಿಕೊಂಡು ಬಂದ ನಾನು ಈ ಅಭಿಪ್ರಾಯವನ್ನು ಹೊರಗೆ ನಿಂತು ಹಳಿಯುತ್ತಿಲ್ಲ. ನನ್ನ ಬೋಧನೆಯ ಮೊದಲರ್ಧವೆಲ್ಲ ಅದರ ಸೇವೆಯಲ್ಲಿಯೇ ಸವೆದುಹೋಯಿತು. ಅದು ತಪ್ಪೆಂದು ಈಗ ಹೇಳುವಾಗ ನನ್ನ ದನಿಯಲ್ಲಿ ಕೊಂಚ ಕಹಿ ಬೆರೆತಿದ್ದರೆ, ಅದರಲ್ಲಿ ಅರ್ಧ ನನ್ನ ಮೇಲಿನದೇ ಎಂದು ಓದುಗರು ತಿಳಿಯಬೇಕು.

ಮೊದಲಿಗೆ, ಗಂಭೀರವೆಂದು ಹೆಸರಾದ ಆ ಅಭ್ಯಾಸಗಳ ಗಾಂಭೀರ್ಯವನ್ನೇ ಒರೆಗೆ ಹಚ್ಚೋಣ. ಎರಡರಿಂದ ಭಾಗಿಸಿದಾಗ ಶೇಷ ಸೊನ್ನೆಯಾದರೆ ಸಮ, ಅಲ್ಲವಾದರೆ ಬೆಸ. ಹದಿನಾರು ವರ್ಷದ ಹುಡುಗಿ ಇದನ್ನು ಟೈಪು ಮಾಡಿ, 7 ಎಂದು ಒತ್ತಿ, ‘ಬೆಸ’ ಎಂಬ ಉತ್ತರವನ್ನು ಪರದೆಯ ಮೇಲೆ ಕಾಣುತ್ತಾಳೆ. ಏಳು ಬೆಸವೆಂಬುದು ಆಕೆಗೆ ಮೂರನೆಯ ತರಗತಿಯಿಂದಲೇ ಗೊತ್ತು. ತನಗೆ ಗೊತ್ತಿದ್ದುದನ್ನು ಯಂತ್ರದ ಬಾಯಿಂದ ಹೇಳಿಸಿ, ಅದು ಒಪ್ಪಿತೆಂದು ಸಂತೋಷಪಡುವ ಈ ವಿನೋದದಲ್ಲಿ ವಿವೇಚನೆಗೆ ಇರುವ ಎಡೆಯೆಷ್ಟು? ಎನ್.ಸಿ.ಇ.ಆರ್.ಟಿ. ಪಠ್ಯದಲ್ಲಿ ಈ ಪ್ರಕರಣಕ್ಕೆ ಕೊಟ್ಟಿರುವ ಉದಾಹರಣೆಗಳಲ್ಲಿ ಎರಡು ಪ್ರಸಿದ್ಧವಾದುವು: ವಯಸ್ಸು 18 ಅಥವಾ ಹೆಚ್ಚಾದರೆ ಮತದಾನಕ್ಕೆ ಅರ್ಹ ಎಂಬುದೊಂದು, ರಸ್ತೆ ಕೂಡುವೆಡೆಯಲ್ಲಿ ದೀಪ ಕೆಂಪಾದರೆ ನಿಲ್ಲು, ಹಸಿರಾದರೆ ಹೋಗು ಎಂಬುದು ಇನ್ನೊಂದು. ಎರಡನೆಯದರ ಬಗ್ಗೆ ನಾನು ಹೆಚ್ಚು ಹೇಳಲಾರೆ. ಕೋಗಳಿಯಂಥ ಹಳ್ಳಿಯಿಂದ ಬಸ್ಸು ಹತ್ತಿ ಬರುವ ಮಗು ಆ ದೀಪವನ್ನು ಬಹುಮಟ್ಟಿಗೆ ಸಿನೆಮಾದಲ್ಲಿಯೇ ಕಂಡಿರುತ್ತದೆ. ಮೊದಲನೆಯದಾದರೋ ಒಳ್ಳೆಯ ಉದಾಹರಣೆ. ಆದರೆ ಪಾಠ ಮಾಡುವವರು ಅದರ ಜೀವವನ್ನೇ ತೆಗೆದುಬಿಡುತ್ತಾರೆ. ಆ 18 ಎಂಬ ಗೆರೆ ಎಲ್ಲಿಂದ ಬಂದಿತು? ಸಂವಿಧಾನದ 61ನೆಯ ತಿದ್ದುಪಡಿ 1989ರಲ್ಲಿ ಜಾರಿಗೆ ಬರುವವರೆಗೆ ಅದು 21 ಆಗಿದ್ದಿತು. ಯಾರೋ ಕುಳಿತು, ವಾದಿಸಿ, ಗೆರೆಯನ್ನು ಮೂರು ವರ್ಷ ಕೆಳಕ್ಕೆ ಸರಿಸಿದರು. ಷರತ್ತಿನ ವಾಕ್ಯದಲ್ಲಿ ನಿಜವಾಗಿ ಮನುಷ್ಯನ ಕೆಲಸವೆಂಬುದು ಈ ಗೆರೆಯೆಳೆಯುವುದೇ ಆಗಿದೆ. ಎಳೆದ ಗೆರೆಯ ಎಡಬಲಗಳನ್ನು ಹೇಳುವುದು ಯಂತ್ರದ ಕೆಲಸ. ನಮ್ಮ ನಾಲ್ಕು ಮೆಟ್ಟಿಲುಗಳೂ ವಿದ್ಯಾರ್ಥಿಗೆ ಕಲಿಸುವುದು ಯಂತ್ರದ ಭಾಗವನ್ನು ಮಾತ್ರ. ಸಮ-ಬೆಸದ ಗೆರೆಯನ್ನು ಗಣಿತವೆಳೆಯಿತು, ಅಧಿಕವರ್ಷದ ಗೆರೆಯನ್ನು ಪಂಚಾಂಗದವರೆಳೆದರು, ಉತ್ತೀರ್ಣದ ಗೆರೆಯನ್ನು ಮಂಡಲಿಯವರೆಳೆದರು. ಮಗು ತಾನಾಗಿ ಒಂದು ಗೆರೆಯನ್ನೂ ಎಳೆಯದೆ, ಎಳೆದ ಗೆರೆ ತಪ್ಪಾದರೆ ಏನಾಗುವುದೆಂದು ಒಮ್ಮೆಯೂ ಕಾಣದೆ, ಆ ಅಧ್ಯಾಯವನ್ನು ಮುಗಿಸುತ್ತದೆ.

ಚಿತ್ರದ ಸಂಗತಿ ಇದಕ್ಕಿಂತ ಬೇರೆ. ಕಪ್ಪು-ಬಿಳಿಯ ಛಾಯಾಚಿತ್ರವೊಂದು ಗಣಕದೊಳಗೆ ಸಂಖ್ಯೆಗಳ ದೊಡ್ಡದೊಂದು ಕೋಷ್ಟಕವಲ್ಲದೆ ಮತ್ತೇನೂ ಅಲ್ಲ. ಒಂದೊಂದು ಪಿಕ್ಸೆಲ್ಲಿಗೆ 0ಯಿಂದ 255ರವರೆಗಿನ ಒಂದೊಂದು ಸಂಖ್ಯೆ, ಸೊನ್ನೆಯೆಂದರೆ ಗಾಢವಾದ ಕತ್ತಲು, 255 ಎಂದರೆ ತುಂಬುಬೆಳಕು. ಬಣ್ಣದ ಚಿತ್ರವಾದರೆ ಕೆಂಪು, ಹಸಿರು, ನೀಲಿಗಳಿಗೆ ಮೂರು ಸಂಖ್ಯೆಗಳು. ಕಪ್ಪು-ಬಿಳಿಯ ಚಿತ್ರದ ಮೇಲೆ ‘ಸಂಖ್ಯೆ 128ಕ್ಕಿಂತ ಕಡಿಮೆಯಾದರೆ ಕಪ್ಪುಮಾಡು, ಇಲ್ಲದಿದ್ದರೆ ಬಿಳಿಮಾಡು’ ಎಂಬ ಎರಡೇ ಸಾಲಿನ ಷರತ್ತನ್ನು ಓಡಿಸಿದರೆ, ಸಾಧಾರಣವಾದ ಮೊಬೈಲಿನಲ್ಲಿ ತೆಗೆದ 4000 ಅಡ್ಡ, 3000 ಉದ್ದದ ಚಿತ್ರದಲ್ಲಿ, ಆ ಪ್ರಶ್ನೆ ಒಂದು ಕೋಟಿ ಇಪ್ಪತ್ತು ಲಕ್ಷ ಸಲ ಕೇಳಲ್ಪಡುತ್ತದೆ. ಉತ್ತರಗಳೆಲ್ಲ ಏಕಕಾಲದಲ್ಲಿ ಕಣ್ಣಮುಂದೆ ಹರಡಿಕೊಳ್ಳುತ್ತವೆ. ಆ 128 ಎಂಬುದು ಯಾವ ಗಣಿತವೂ ಯಾವ ಕಾನೂನೂ ಕೊಟ್ಟುದಲ್ಲ, ಬರೆದವಳೇ ಇಟ್ಟುದು. ಅದು ಸಲ್ಲದಿದ್ದರೆ ಆಕೆಗೆ ಮೇಷ್ಟರು ಹೇಳಬೇಕಾದುದಿಲ್ಲ.

ಈ ಮಾತನ್ನು ನಾನು ಕಲಿತುದು ಪುಸ್ತಕದಿಂದಲ್ಲ, ಒಂದು ಕಲ್ಲಿನಿಂದ. ನಮ್ಮ ಸೀಮೆಯಲ್ಲಿ ಊರಿಗೊಂದೆರಡರಂತೆ, ಹನುಮಪ್ಪನ ಗುಡಿಯ ಮಗ್ಗುಲಲ್ಲಿಯೋ ಕೆರೆಯ ಕೋಡಿಯಲ್ಲಿಯೋ, ಅಕ್ಷರ ಕೊರೆದ ಕಲ್ಲುಗಳು ನಿಂತಿವೆ. ಕೋಗಳಿಯ ಬಸದಿಯ ಶಾಸನಗಳು, ಅದರಲ್ಲಿಯೂ ಆ ಬಸದಿಯನ್ನು ಗಂಗರ ದುರ್ವಿನೀತನು ಕಟ್ಟಿಸಿದನೆಂದು ಹೇಳುವ 1055ರ ಶಾಸನ, ವಿದ್ವಾಂಸರಿಗೆ ಚಿರಪರಿಚಿತವಾದುವು. ಬಳ್ಳಾರಿ ಸೀಮೆ 1953ರವರೆಗೆ ಮದ್ರಾಸಿಗೆ ಸೇರಿದ್ದುದರಿಂದ ನಮ್ಮ ಕಲ್ಲುಗಳ ಪಾಠಗಳು ರೈಸ್ ಸಾಹೇಬರ ಎಪಿಗ್ರಾಫಿಯ ಕರ್ನಾಟಿಕದಲ್ಲಿ ದೊರೆಯವು, 1939ರಲ್ಲಿ ಆರ್. ಶಾಮಶಾಸ್ತ್ರಿಗಳೂ ಎನ್. ಲಕ್ಷ್ಮೀನಾರಾಯಣರಾಯರೂ ಸಂಪಾದಿಸಿದ ದಕ್ಷಿಣ ಭಾರತದ ಶಾಸನಗಳ ಒಂಬತ್ತನೆಯ ಸಂಪುಟದಲ್ಲಿ ಅವನ್ನು ಹುಡುಕಬೇಕು. ಇದನ್ನು ಪ್ರಸಂಗವಶಾತ್ ಹೇಳಿದೆ. ಒಂದು ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳು ತನ್ನೂರಿನ ಅಂತಹ ಕಲ್ಲೊಂದರ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಬಂದಳು. ಶತಮಾನಗಳಿಂದ ಎಣ್ಣೆ ಕುಡಿದ ಕಲ್ಲು. ಮೇಲ್ಭಾಗದಲ್ಲಿ ಯಾರೋ ಬಳಿದ ಸುಣ್ಣ. ಅಕ್ಷರಗಳು ಇವೆಯೆಂಬುದು ಕಂಡರೂ ಯಾವುವೆಂಬುದು ಕಾಣದು. ನಾನು ಹಲಗೆಯ ಮೇಲೆ ಬರೆದಿದ್ದ 128ನ್ನೇ ಆಕೆ ಇಟ್ಟು ಓಡಿಸಿದಳು. ಕಲ್ಲಿನ ಎಡಭಾಗವೆಲ್ಲ ಮಸಿಯಾಯಿತು, ಬಲಭಾಗವೆಲ್ಲ ಹಾಲಾಯಿತು, ಅಕ್ಷರವೊಂದೂ ಉಳಿಯಲಿಲ್ಲ. 90 ಮಾಡಿದಳು, ಎಡಗಡೆಯಲ್ಲಿ ನಾಲ್ಕು ಗೆರೆಗಳೆದ್ದುವು. 160 ಮಾಡಿದಳು, ಅವು ಮುಳುಗಿ ಬಲಗಡೆಯಲ್ಲಿ ಬೇರೆ ಗೆರೆಗಳೆದ್ದುವು. ಒಂದೇ ಗೆರೆಯಿಂದ ಇಡೀ ಕಲ್ಲಿಗೆ ನ್ಯಾಯ ಸಲ್ಲದೆಂಬುದು ಆಕೆಗೆ ಆ ಕ್ಷಣದಲ್ಲಿ ಹೊಳೆಯಿತು. ಚಿತ್ರದ ಎಡ ಅರ್ಧಕ್ಕೆ ಒಂದು ಗೆರೆ, ಬಲ ಅರ್ಧಕ್ಕೆ ಇನ್ನೊಂದು ಎಂದು ಷರತ್ತಿನೊಳಗೊಂದು ಷರತ್ತನ್ನು, ನಾನು ಆ ಪ್ರಕರಣಕ್ಕೆ ಬರುವ ಮೂರು ವಾರ ಮೊದಲೇ, ತಾನಾಗಿ ಕೇಳಿ ಬರೆಯಿಸಿಕೊಂಡಳು. ಅನಂತರ ಇನ್ನೂ ಒಂದು ಮಾತಂದಳು: “ಸರ್, ಬಿಸ್ಲಾಗ ತೆಗೆದಿದ್ದೇ ತಪ್ಪಾತ್ರಿ. ಸಂಜಿ ಮುಂದ ಬೆಳಕು ಅಡ್ಡ ಬೀಳ್ತತಲ್ಲ, ಆಗ ಹೊಳ್ಳಿ ತೆಗೀತೀನಿ.” ಓರೆಬೆಳಕಿನಲ್ಲಿ ಕೊರೆದ ಅಕ್ಷರಕ್ಕೆ ನೆರಳು ಹುಟ್ಟಿ ಅದು ಮೇಲೆದ್ದು ಕಾಣುವುದೆಂಬುದನ್ನು ಶಾಸನಶೋಧಕರೆಲ್ಲ ಬಲ್ಲರು, ಆಕೆಗೆ ಅದನ್ನು ಹೇಳಿಕೊಟ್ಟುದು ಒಂದು ‘ಇಫ್’ ವಾಕ್ಯದ ಸೋಲು. ಎರಡನೆಯ ಚಿತ್ರದ ಮೊದಲ ಸಾಲಿನಲ್ಲಿ ‘ಸ್ವಸ್ತಿ’ ಎಂಬಷ್ಟನ್ನು ಇತಿಹಾಸದ ನನ್ನ ಸಹೋದ್ಯೋಗಿಗಳು ಕನ್ನಡಕ ಸರಿಮಾಡಿಕೊಂಡು ಓದಿದರು. ಉಳಿದುದು ಇನ್ನೂ ಕಲ್ಲಿನಲ್ಲಿಯೇ ಇದೆ.

ಆ ದಿನ ನನಗೆ ಹೊಳೆದ ಇನ್ನೊಂದು ಸಂಗತಿಯನ್ನೂ ಹೇಳಿಬಿಡಬೇಕು. ಶಾಸನದ ಪಡಿಯಚ್ಚನ್ನು ತೆಗೆಯುವ ವಿಧಾನ ಪಂಡಿತರಿಗೆ ಗೊತ್ತೇ ಇದೆ: ಕಲ್ಲನ್ನು ಉಜ್ಜಿ ತೊಳೆದು, ನೆನೆಸಿದ ಕಾಗದವನ್ನು ಅದರ ಮೇಲೆ ಹಾಸಿ, ಕಾಗದ ಅಕ್ಷರದ ಕೊರೆತದೊಳಕ್ಕೆ ಇಳಿಯುವಂತೆ ಬ್ರಷ್ಷಿನಿಂದ ಬಡಿದು, ಮಸಿಯ ಗುಬುಟನ್ನು ಮೇಲೆ ಮೃದುವಾಗಿ ತಟ್ಟುತ್ತಾರೆ. ಉಬ್ಬಿದೆಡೆಗೆ ಮಸಿ ಹತ್ತುತ್ತದೆ, ತಗ್ಗಿನಲ್ಲಿ ಕಾಗದ ಬೆಳ್ಳಗೇ ಉಳಿಯುತ್ತದೆ. ಕಪ್ಪುನೆಲದ ಮೇಲೆ ಬಿಳಿಯ ಅಕ್ಷರಗಳು ಮೂಡುತ್ತವೆ. ತಗುಲಿದರೆ ಕಪ್ಪು, ಇಲ್ಲದಿದ್ದರೆ ಬಿಳಿ: ಕಾಗದದ ಅಂಗುಲ ಅಂಗುಲಕ್ಕೂ ಕೇಳಲ್ಪಡುವ ಷರತ್ತು ಇದಲ್ಲದೆ ಮತ್ತೇನು? ಮಸಿ ಹೆಚ್ಚಾದರೆ ತಗ್ಗೂ ಕಪ್ಪಾಗುವುದು, ಕಡಿಮೆಯಾದರೆ ಉಬ್ಬೂ ಬೆಳ್ಳಗಾಗುವುದು. ಕೈಯ ಹದವೇ ಅಲ್ಲಿ ಗೆರೆ. ಗಣಕವೆಂಬುದು ಹುಟ್ಟುವ ಮೊದಲೇ ಕಲ್ಲಿನ ಮುಂದೆ ಮಂಡಿಯೂರಿ ಕುಳಿತು ಈ ವಿವೇಚನೆಯನ್ನು ಮಾಡುತ್ತಿದ್ದವರ ಕೆಲಸವನ್ನು ಆಟವೆನ್ನುವ ಧೈರ್ಯ ನಮ್ಮ ಸಂಖ್ಯಾವಾದಿಗಳಿಗೆ ಇದೆಯೆ?

ಸ್ಟುಡಿಯೋದ ಕಸುಬು ಎಂಬ ಹೀಯಾಳಿಕೆಗೂ ಇಲ್ಲಿಯೇ ಉತ್ತರ ಹೇಳುತ್ತೇನೆ. ಕೊಟ್ಟೂರಿನ ರಥೋತ್ಸವ ಮುಗಿದ ಮೇಲಣ ವಾರದಲ್ಲಿ ಯಾವ ಸ್ಟುಡಿಯೋದ ಹಿಂಬದಿಯ ಕೋಣೆಗೆ ಹೋದರೂ, ಮದುವೆಯ ಆಲ್ಬಮ್ಮುಗಳ ನಡುವೆ ಕುಳಿತ ಹುಡುಗನೊಬ್ಬ ಫೋಟೋಶಾಪಿನ ಮ್ಯಾಜಿಕ್ ವ್ಯಾಂಡ್ ಹಿಡಿದು ಒಂದು ಕಡೆ ಕ್ಲಿಕ್ಕಿಸಿ ಇಡೀ ಹಿನ್ನೆಲೆಯನ್ನು ಆರಿಸಿಕೊಳ್ಳುವುದನ್ನು ಕಾಣಬಹುದು. ಅಲ್ಲಿ ಟಾಲರೆನ್ಸ್ ಎಂಬ ಒಂದು ಸಂಖ್ಯೆಯುಂಟು. ತಾನಾಗಿ ಅದು 32 ಇರುತ್ತದೆ. ಮುಟ್ಟಿದ ಬಣ್ಣಕ್ಕೂ ನೆರೆಯ ಪಿಕ್ಸೆಲ್ಲಿನ ಬಣ್ಣಕ್ಕೂ ಇರುವ ಅಂತರ ಆ ಸಂಖ್ಯೆಯೊಳಗಿದ್ದರೆ ಸೇರಿಸು, ಮೀರಿದರೆ ಬಿಡು, ಎಂಬುದು ಅದರ ಅರ್ಥ. ಆ ಹುಡುಗ 32ನ್ನು 20ಕ್ಕೆ ಇಳಿಸುವುದೂ 45ಕ್ಕೆ ಏರಿಸುವುದೂ ಕೈಗೆ ಬಂದ ವಿದ್ಯೆಯಿಂದ. ಅದು ಷರತ್ತೆಂಬುದು ಅವನಿಗೆ ತಿಳಿಯದು. ಅದೇ ಬೀದಿಯಾಚೆಯ ಕಾಲೇಜಿನಲ್ಲಿ ಷರತ್ತಿನ ವ್ಯಾಕರಣವನ್ನು ಬಾಯಿಪಾಠ ಒಪ್ಪಿಸುವ ವಿದ್ಯಾರ್ಥಿಗೆ ಅದರ ಹದ ತಿಳಿಯದು. ಈ ಇಬ್ಬರ ನಡುವಣ ಬೀದಿಯನ್ನು ದಾಟಿಸಬೇಕಾದ ಅಧ್ಯಾಪಕ, ಆಚೆಯದು ಕಸುಬು ಈಚೆಯದು ಶಾಸ್ತ್ರ ಎಂದು ಬೇಲಿ ಹಾಕಿ ಕುಳಿತಿದ್ದಾನೆ.

ಸಂಖ್ಯೆಗಳ ಅಭ್ಯಾಸಗಳಲ್ಲಿ ತಪ್ಪು ಬೇಗ ಸಿಕ್ಕಿಬೀಳುತ್ತದೆಂದು ನಮ್ಮವರು ನಂಬಿದ್ದಾರೆ. ಈ ನಂಬಿಕೆ ಎಷ್ಟು ಪೊಳ್ಳೆಂಬುದನ್ನು ಒಂದು ದೃಷ್ಟಾಂತದಿಂದ, ಕೊಂಚ ವಿಸ್ತಾರವಾಗಿಯೇ, ತೋರಿಸುವೆನು. ಕನ್ನಡದಲ್ಲಿ ಷರತ್ತು ಕ್ರಿಯಾಪದದ ಬಾಲಕ್ಕೆ ಹತ್ತುತ್ತದೆ, ಮಳೆ ಬಂದರೆ, ಬಣ್ಣ ಮೀರಿದರೆ ಎಂದು. ಜೊತೆಗೂಡಿಸುವ ‘ಮತ್ತು’ ನಾಮಪದದ ಬಾಲಕ್ಕೆ ಹತ್ತುತ್ತದೆ, ಕೆಂಪೂ ಹಸಿರೂ ಎಂದು. ಆದುದರಿಂದ ‘ಕೆಂಪೂ ಹಸಿರೂ ನೂರನ್ನು ಮೀರಿದ್ದರೆ’ ಎಂದು ಮನಸ್ಸಿನಲ್ಲಿ ಸಹಜವಾಗಿ ಹುಟ್ಟುವ ಮಾತನ್ನು ನಮ್ಮ ಮಕ್ಕಳು, ಕೆಂಪಿಗೆ ಆರ್ ಎಂದೂ ಹಸಿರಿಗೆ ಜಿ ಎಂದೂ ಹೆಸರಿಟ್ಟು, ಪೈಥಾನಿನಲ್ಲಿ ‘ಇಫ್ ಆರ್ ಆ್ಯಂಡ್ ಜಿ > 100’ ಎಂದು ಬರೆಯುತ್ತಾರೆ. ಯಂತ್ರ ಇದನ್ನು ತಪ್ಪೆಂದು ತಿರಸ್ಕರಿಸುವುದಿಲ್ಲ. ಆರ್ ಎಂಬುದು ಸೊನ್ನೆಯಲ್ಲದಿದ್ದು, ಜಿ ಮಾತ್ರ ನೂರನ್ನು ಮೀರಿದ್ದರೆ ಸಾಕು, ಎಂದು ಬೇರೆಯೇ ಅರ್ಥಮಾಡಿಕೊಂಡು ಮೌನವಾಗಿ ಮುಂದೆ ಸಾಗುತ್ತದೆ. ಈಗ ಸಂಖ್ಯಾವಾದಿಯ ಲ್ಯಾಬಿನಲ್ಲಿ ಇದನ್ನು ಪರೀಕ್ಷಿಸಿರಿ: ಆರ್ 150, ಜಿ 150 ಎಂದು ಕೊಟ್ಟರೆ ಸರಿಯಾದ ಉತ್ತರ, ಎರಡನ್ನೂ 50 ಎಂದು ಕೊಟ್ಟರೆ ಮತ್ತೆ ಸರಿಯಾದ ಉತ್ತರ. ಎರಡು ಸಲ ನೋಡಿ ಮೇಷ್ಟರು ರೆಕಾರ್ಡು ಪುಸ್ತಕಕ್ಕೆ ಸಹಿ ಹಾಕುತ್ತಾರೆ. ನಾನೂ ಹಾಗೆ ಎಷ್ಟು ಸಹಿಗಳನ್ನು ಹಾಕಿದ್ದೇನೋ ಬಲ್ಲವರಾರು! ಅದೇ ವಾಕ್ಯವನ್ನು ಚೆಂಡುಹೂವಿನ ಹೊಲದ ಚಿತ್ರದ ಮೇಲೆ, ಹಳದಿಯನ್ನು ಆರಿಸುವುದಕ್ಕೆಂದು, ಓಡಿಸಿರಿ. ಕೆಂಪೂ ಹಸಿರೂ ಹೆಚ್ಚಿದ್ದು ನೀಲಿ ಕಡಿಮೆಯಿದ್ದರೆ ತಾನೆ ಹಳದಿ; ನೀಲಿಯ ಷರತ್ತನ್ನು ಸರಿಯಾಗಿಯೇ ಬರೆದಿದ್ದರೂ, ಹೂವಿನ ಜೊತೆಗೆ ಕೆಂಪು ಕಡಿಮೆಯಿರುವ ಎಲೆಗಳೂ ಹೊಲದ ಬದುವಿನ ಹುಲ್ಲೂ ಎದ್ದು ನಿಲ್ಲುತ್ತವೆ. ತಪ್ಪು ಎಲ್ಲಿದೆಯೆಂದು ತಿಳಿಯದಿರಬಹುದು, ತಪ್ಪಿದೆಯೆಂಬುದು ಕುರುಡನಿಗಲ್ಲದೆ ಎಲ್ಲರಿಗೂ ಕಾಣುತ್ತದೆ. ಎರಡು ಸಂಖ್ಯೆಗಳ ಪರೀಕ್ಷೆಗೂ ಲಕ್ಷ ಪಿಕ್ಸೆಲ್ಲುಗಳ ಪರೀಕ್ಷೆಗೂ ಇರುವ ಅಂತರ ಇದು.

ಇಲ್ಲಿ ನಮ್ಮ ಹಡಗಲಿ ತಾಲ್ಲೂಕಿನ ಮೈಲಾರ ನೆನಪಾಗುತ್ತದೆ. ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಲಕ್ಷಾಂತರ ಜನ ಮೌನವಾಗುತ್ತಾರೆ. ಅವನು ಒಂದೇ ಒಂದು ವಾಕ್ಯದ ಕಾರಣಿಕ ನುಡಿದು ಕೆಳಕ್ಕೆ ಬೀಳುತ್ತಾನೆ. ಆಮೇಲೆ ವರ್ಷವಿಡೀ ಆ ವಾಕ್ಯಕ್ಕೆ ರೈತ ಮಳೆಯ ಅರ್ಥವನ್ನೂ ರಾಜಕಾರಣಿ ಗದ್ದುಗೆಯ ಅರ್ಥವನ್ನೂ ಹಚ್ಚಿಕೊಳ್ಳುತ್ತಾರೆ. ಯಾರ ಅರ್ಥವೂ ಸುಳ್ಳಾಗುವುದಿಲ್ಲ. ಅದು ಕಾರಣಿಕಕ್ಕೆ ಭೂಷಣ. ಪ್ರೋಗ್ರಾಮಿನ ವಾಕ್ಯವನ್ನು ಕಾರಣಿಕದಂತೆ ಓದುವುದು, ನಾನು ಬರೆದುದು ಹೀಗೆ, ನನ್ನ ಮನಸ್ಸಿನಲ್ಲಿದ್ದುದು ಹಾಗೆ, ಎರಡೂ ಒಂದೇ ಎಂದು ಸಮಾಧಾನಪಡುವುದು, ಹೊಸಬರ ಸಾಮಾನ್ಯವಾದ ರೋಗ. ಎರಡು ಸಂಖ್ಯೆಗಳ ಪರೀಕ್ಷೆ ಈ ರೋಗಕ್ಕೆ ಆಸರೆ ಕೊಡುತ್ತದೆ.

ಚಿತ್ರ ಆ ಆಸರೆಯನ್ನು ಕೊಡದೆಂಬುದಕ್ಕೆ ಹಸಿರು ಬಳೆಗಳ ಪ್ರಸಂಗವೊಂದನ್ನು ಚಿಕ್ಕದಾಗಿ ಹೇಳುವೆನು. ಹಸಿರು ಪರದೆಯ ಮುಂದೆ ತೆಗೆದ ಚಿತ್ರದಲ್ಲಿ ಹಸಿರನ್ನು ತೆಗೆದು ಅಲ್ಲಿ ಬೇರೊಂದು ದೃಶ್ಯವನ್ನು ಕೂರಿಸುವ ಅಭ್ಯಾಸಕ್ಕೆ ಒಬ್ಬಳು ತನ್ನ ಅಕ್ಕನ ಮದುವೆಯ ಚಿತ್ರ ತಂದಿದ್ದಳು. ಷರತ್ತು ಓಡಿತು, ಪರದೆ ಹೋಗಿ ಅಲ್ಲಿ ಹಂಪೆಯ ಕಲ್ಲಿನ ರಥ ಬಂದು ನಿಂತಿತು, ಮದುಮಗಳ ಎರಡೂ ಕೈಗಳಲ್ಲಿ ಬಳೆಗಳಿದ್ದೆಡೆಯಲ್ಲಿಯೂ ಅದೇ ರಥದ ಚೂರುಗಳು ಕಂಡುವು. ಲ್ಯಾಬು ಐದು ನಿಮಿಷ ನಕ್ಕಿತು. ಅನಂತರದ ಅರ್ಧ ತಾಸು ‘ಆ್ಯಂಡ್’, ‘ಆರ್’, ‘ನಾಟ್’ಗಳ ಬಗ್ಗೆ ನಡೆದ ಚರ್ಚೆ, ಹಿಂದೆ ಎರಡು ವಾರ ಕೋಷ್ಟಕಗಳನ್ನು ಬರೆಯಿಸಿದರೂ ನನಗೆ ದೊರೆಯದಿದ್ದಂತಹುದು.

ಇನ್ನು ಆಕ್ಷೇಪಗಳು. ಚಿತ್ರಕ್ಕೆ ಷರತ್ತನ್ನು ಹಚ್ಚಬೇಕಾದರೆ ಮೊದಲು ಲೂಪ್, ಅಂದರೆ ಒಂದೇ ಕೆಲಸವನ್ನು ಮರಳಿ ಮರಳಿ ಮಾಡಿಸುವ ವಾಕ್ಯ, ಬೇಕು. ಪಠ್ಯದಲ್ಲಿ ಷರತ್ತು ಮೊದಲು, ಲೂಪ್ ಆಮೇಲೆ. ಆದುದರಿಂದ ಇದು ಕ್ರಮಭಂಗವೆನ್ನುವರು. ಕ್ರಮಭಂಗವಹುದು. ಆದರೆ ಆ ಕ್ರಮವನ್ನು ವಿಧಿಸಿದವರಾರು? ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆ 1999ರಿಂದ ತನ್ನ ವಿದ್ಯಾರ್ಥಿಗಳೆಲ್ಲರೂ ಗಣಕವಿಜ್ಞಾನದ ಒಂದು ಪಾಠವನ್ನು ಕಲಿಯಲೇಬೇಕೆಂದು ವಿಧಿಸಿ, ಸಾಹಿತ್ಯ, ವಾಸ್ತುಶಿಲ್ಪ, ವ್ಯವಹಾರಶಾಸ್ತ್ರಗಳ ವಿದ್ಯಾರ್ಥಿಗಳು ಅದರಲ್ಲಿ ಸೋತು ಹಿಂಜರಿಯುವುದನ್ನು ಕಂಡಾಗ, ಮಾರ್ಕ್ ಗಜ್ಡಿಯಲ್ ಎಂಬ ಅಧ್ಯಾಪಕರು 2003ರಲ್ಲಿ ಚಿತ್ರ ಮತ್ತು ಧ್ವನಿಗಳ ಮೂಲಕವೇ ಪ್ರೋಗ್ರಾಮಿಂಗನ್ನು ಕಲಿಸುವ ಪಾಠವನ್ನು ಆರಂಭಿಸಿದರು. ಅಲ್ಲಿ ಎಲ್ಲ ಪಿಕ್ಸೆಲ್ಲುಗಳನ್ನೂ ಹಾದುಹೋಗುವ ಲೂಪ್ ಮೊದಲು, ಕೆಲವನ್ನು ಮಾತ್ರ ಆರಿಸುವ ಷರತ್ತು ಆಮೇಲೆ. ಯೋಚಿಸಿದರೆ ಇದೇ ಸಹಜ: ಕೆಲವನ್ನು ಆರಿಸಬೇಕೆಂಬ ಅಗತ್ಯ ಹುಟ್ಟುವುದು ಹಲವು ಎದುರಿಗಿದ್ದಾಗ. ಒಂದೇ ಕಾಳು ಇರುವವನು ಮೊರ ಹಿಡಿಯುವುದಿಲ್ಲ.

ಆದರೆ ಪ್ರತಿಪಕ್ಷಕ್ಕೆ ಸಲ್ಲಬೇಕಾದುದನ್ನು ಸಲ್ಲಿಸದೆ ಇರಲಾಗದು. ಅದೇ ಗಜ್ಡಿಯಲ್ ಅವರು ಹತ್ತು ವರ್ಷಗಳ ತರುವಾಯ, 2013ರಲ್ಲಿ, ತಮ್ಮ ಪದ್ಧತಿಯನ್ನು ತಾವೇ ಪರಿಶೀಲಿಸಿ, ಅದರಿಂದ ವಿದ್ಯಾರ್ಥಿಗಳು ಪಾಠವನ್ನು ಅರ್ಧಕ್ಕೆ ಬಿಡದೆ ಉಳಿಯುವರೆಂಬುದಕ್ಕೆ ಆಧಾರವಿದೆ, ಹೆಚ್ಚು ಕಲಿಯುವರೆಂಬುದಕ್ಕೆ ಅಂತಹ ಗಟ್ಟಿಯಾದ ಆಧಾರವಿಲ್ಲ, ಎಂಬ ನಿರ್ಣಯಕ್ಕೆ ಬಂದರು. ನಮ್ಮವರು ಈ ಮಾತನ್ನು ಹಿಡಿದುಕೊಂಡು, ನೋಡಿರಿ, ಬರಿಯ ಆಕರ್ಷಣೆ, ಎಂದಾರು. ನಮ್ಮ ತಾಲ್ಲೂಕುಗಳಲ್ಲಿ ಮಗು ಪಾಠವನ್ನು ಬಿಡದೆ ಉಳಿಯುವುದೇನು ಅಲ್ಪವೆ, ಎಂದು ಕೇಳಬಹುದಾಗಿತ್ತು, ಕೇಳುವುದಿಲ್ಲ. ನನ್ನ ವಾದ ಆಕರ್ಷಣೆಯ ಮೇಲೆ ನಿಂತುದಲ್ಲ. ಚಿತ್ರವನ್ನು ಬರಿಯ ಸಿಹಿಯಾಗಿ ಬಳಸಿ, ಮಕ್ಕಳು ಮೋಹಗೊಂಡರೆ ಸಾಕೆಂದು, ಮೊಬೈಲಿನ ಸಿದ್ಧಫಿಲ್ಟರುಗಳಂತೆ ನಾಲ್ಕು ಕೋಡುಗಳನ್ನು ನಕಲು ಮಾಡಿಸುವವರೂ ಇದ್ದಾರೆ. ಅವರಿಗಿಂತ ಸಮ-ಬೆಸದವರೇ ಮೇಲು. ಗೆರೆಯನ್ನು ತಾನೇ ಎಳೆಯುವುದು, ಅದು ಕೆಡುವುದನ್ನು ತಾನೇ ಕಾಣುವುದು, ಇವೆರಡಿಲ್ಲದಿದ್ದರೆ ಚಿತ್ರವೂ ಒಂದು ಹೊಸ ಬಗೆಯ ಬಾಯಿಪಾಠವೇ.

ಇನ್ನೊಂದೆಡೆಯಲ್ಲಿ ಸಂಖ್ಯಾವಾದಿ ಸ್ಪಷ್ಟವಾಗಿ ಗೆಲ್ಲುತ್ತಾನೆ. ‘ಹೆಚ್ಚು’ ಎಂಬುದಕ್ಕೂ ‘ಹೆಚ್ಚು ಅಥವಾ ಸಮ’ ಎಂಬುದಕ್ಕೂ ಇರುವ ಭೇದ ಚಿತ್ರದಲ್ಲಿ ಅಡಗಿಹೋಗುತ್ತದೆ. 256 ಮಟ್ಟಗಳಲ್ಲಿ ಒಂದು ಮಟ್ಟ ಆಚೀಚೆಯಾದರೆ ಕಣ್ಣಿಗೆ ತಿಳಿಯದು. ದೀರ್ಘಕಾಲ 35 ಎಂದಿದ್ದ ಉತ್ತೀರ್ಣದ ಗೆರೆಯ ಮೇಲೆಯೇ ನಿಂತ ಹುಡುಗನಿಗೆ ಆ ಒಂದು ಚಿಹ್ನೆಯ ಬೆಲೆ ಗೊತ್ತು. ಅದನ್ನು ಅಂಕಪಟ್ಟಿಯಿಂದಲೇ ಕಲಿಸಬೇಕು. ಆದರೂ ಒಂದು ಮೇ ತಿಂಗಳಲ್ಲಿ ತೆಗೆದ ಚಿತ್ರಗಳಲ್ಲಿ, ಹರಪನಹಳ್ಳಿಯ ಮಧ್ಯಾಹ್ನದ ಆಕಾಶವೆಲ್ಲ ಉರಿದುಹೋಗಿ 255ಕ್ಕೆ ಮುಟ್ಟಿದ್ದಾಗ, ‘255ಕ್ಕಿಂತ ಹೆಚ್ಚಾದರೆ ನೀಲಿಮಾಡು’ ಎಂದು ಬರೆದವನ ಆಕಾಶ ಕೊನೆಯವರೆಗೂ ಬೆಳ್ಳಗೇ ಉಳಿಯಿತೆಂಬುದನ್ನು ಇಲ್ಲಿ ದಾಖಲಿಸುವ ಆಸೆಯನ್ನು ತಡೆಯಲಾರೆ.

ಹಳ್ಳಿಯ ಕಾಲೇಜುಗಳಿಗೆ ಇದು ದುಬಾರಿ, ಚಿತ್ರದ ಲೈಬ್ರರಿಗಳಿಲ್ಲ, ಇಂಟರ್ನೆಟ್ಟಿಲ್ಲ, ಎಂಬ ಆಕ್ಷೇಪ ಮಾತ್ರ ಅಜ್ಞಾನದಿಂದ ಹುಟ್ಟಿದುದು. ಪಿ.ಜಿ.ಎಂ. ಎಂಬ ಹಳೆಯ ಕಡತದ ರೂಪವೊಂದುಂಟು. ಮೊದಲ ಸಾಲಿನಲ್ಲಿ ‘ಪಿ2’, ಅನಂತರ ಅಗಲ, ಎತ್ತರ, ಅನಂತರ 255, ಆಮೇಲೆ ಬರಿಯ ಸಂಖ್ಯೆಗಳು; ನೋಟ್‌ಪ್ಯಾಡಿನಲ್ಲಿ ಟೈಪು ಮಾಡಬಹುದಾದ ಚಿತ್ರ ಅದು. ಪುಕ್ಕಟೆ ದೊರೆಯುವ ಗಿಂಪ್ ತಂತ್ರಾಂಶ ಮೊಬೈಲಿನ ಚಿತ್ರವನ್ನು ಆ ರೂಪಕ್ಕೆ ಇಳಿಸಿಕೊಡುತ್ತದೆ, ತಿದ್ದಿದ ಕಡತವನ್ನು ತೆರೆದು ತೋರಿಸುತ್ತದೆ. 300ಕ್ಕೆ 400ರ ಚಿತ್ರವೆಂದರೆ 1,20,000 ಸಂಖ್ಯೆಗಳು. ನಮ್ಮ ಲ್ಯಾಬಿನ ಅತಿ ಮುದಿಯಾದ ಗಣಕ ಅವನ್ನು, ಫ್ಯಾನಿನ ಸದ್ದು ಕೊಂಚ ಏರಿಸಿಕೊಂಡು, ಓದಿ ಮುಗಿಸಿತು. ಪರೀಕ್ಷೆಯಲ್ಲಿ ಕೇಳುವುದಿಲ್ಲವೆಂಬ ಕೊನೆಯ ಆಕ್ಷೇಪಕ್ಕೆ ನಾನು ಉತ್ತರ ಹೇಳುವುದಿಲ್ಲ. ಅದು ವಾದವಲ್ಲ.

ಗೆರೆ ಎಳೆಯುವವನಾರು ಎಂಬ ಪ್ರಶ್ನೆಯನ್ನು ನನ್ನಿಂದ ಕಸಿದುಕೊಂಡು ತಾನೇ ಕೇಳಿದವಳ ಸಂಗತಿಯೊಂದು ಉಳಿದಿದೆ. ಚಿತ್ರದಲ್ಲಿ ಮನುಷ್ಯನ ಚರ್ಮವನ್ನು ಗುರುತಿಸುವುದಕ್ಕೆ 2003ರಲ್ಲಿ ಸ್ಲೊವೇನಿಯಾದ ಸಂಶೋಧಕರು ಪ್ರಕಟಿಸಿದ ನಿಯಮವೊಂದು ಇಂದಿಗೂ ಪಾಠಗಳಲ್ಲಿ ಸಂಚರಿಸುತ್ತಿದೆ: ಕೆಂಪು 95ನ್ನೂ, ಹಸಿರು 40ನ್ನೂ, ನೀಲಿ 20ನ್ನೂ ಮೀರಿರಬೇಕು, ಕೆಂಪು ಉಳಿದೆರಡಕ್ಕಿಂತ ಹೆಚ್ಚಾಗಿರಬೇಕು, ಕೆಂಪು-ಹಸಿರುಗಳ ಅಂತರ 15ನ್ನು ಮೀರಬೇಕು, ಹೀಗೆ ಷರತ್ತುಗಳ ಸರಪಳಿ. ತಮ್ಮ ನಿಯಮ ಸಮನಾದ ಹಗಲುಬೆಳಕಿಗೆ ಸಲ್ಲುವುದೆಂದು ಅವರು ಹೇಳಿಯೇ ಇದ್ದರು. ನಕಲು ಮಾಡುವವರು ಆ ಮಾತನ್ನು ಬಿಟ್ಟು ಸಂಖ್ಯೆಗಳನ್ನು ಮಾತ್ರ ಹಿಡಿದರು. ನಾನೂ ಹಾಗೆಯೇ ಹಲಗೆಯ ಮೇಲೆ ಬರೆದು, ಚರ್ಮವಾದರೆ ಉಳಿಸು, ಅಲ್ಲದಿದ್ದರೆ ಬೂದುಬಣ್ಣ ಮಾಡು, ಎಂದೆನು. ಕೂಡ್ಲಿಗಿಯ ಕಡೆಯ ಕುರಿಗಾಹಿಯೊಬ್ಬರ ಮಗಳು ತನ್ನ ತಂದೆಯ ಚಿತ್ರವನ್ನು ಹಾಕಿದಳು. ಬೇವಿನ ನೆರಳಿನಲ್ಲಿ, ಹೆಗಲಮೇಲೆ ಕಂಬಳಿ ಹೊತ್ತು, ಹಿಂದೊಂದು ಮಣ್ಣಿನ ಗೋಡೆಯಿಟ್ಟುಕೊಂಡು ನಿಂತಿದ್ದ ಮನುಷ್ಯ. ಪ್ರೋಗ್ರಾಮು ಓಡಿತು. ಬಣ್ಣ ಉಳಿದುದು ಬಿಸಿಲು ಬಿದ್ದಿದ್ದ ಮೂಗಿನ ತುದಿಯಲ್ಲಿ ಮಾತ್ರ. ಮುಖವೂ ಕೈಗಳೂ ಕಂಬಳಿಯ ಜೊತೆಗೆ ಬೂದಿಯಾದುವು.

“ಸರ್,” ಎಂದಳು, “ಇದ್ರಾಗ ನಮ್ಮಪ್ಪ ಮನುಷ್ಯಾರ ಲೆಕ್ಕಕ್ಕ ಬಂದಿಲ್ರಿ.”

ಯಾರೂ ನಗಲಿಲ್ಲ. ನಾನು ಏನನ್ನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಆಕೆ 95ನ್ನು ಅಳಿಸಿ 60 ಎಂದು ಬರೆದಿದ್ದಳು. ತಂದೆಯ ಮುಖ ಮರಳಿ ಬಂದಿತು. ಅದರೊಡನೆ ಹಿಂದಿನ ಮಣ್ಣಿನ ಗೋಡೆಯೂ ಚರ್ಮವಾಗಿ ಎದ್ದುನಿಂತಿತು. 70 ಮಾಡಿದಳು, ಗೋಡೆ ಅರ್ಧ ಹೋಯಿತು, ಒಂದು ಕೆನ್ನೆಯೂ ಹೋಯಿತು. ಕೆಂಪು-ಹಸಿರಿನ ಅಂತರವನ್ನು ಇಳಿಸಿದಳು, ಏರಿಸಿದಳು. ಗಂಟೆ ಬಾರಿಸಿತು, ಉಳಿದವರು ಹಗರಿಬೊಮ್ಮನಹಳ್ಳಿಯ ಬಸ್ಸಿಗೆ ಓಡಿದರು, ಲ್ಯಾಬಿನ ಸಹಾಯಕರು ಒಂದೊಂದಾಗಿ ಸ್ವಿಚ್ಚುಗಳನ್ನು ಆರಿಸುತ್ತ ಬಂದು ಆಕೆಯ ಬೆಂಚಿನ ಬಳಿ ನಿಂತರು. ಆಕೆ ಪರದೆಯಿಂದ ಕಣ್ಣು ತೆಗೆಯದೆ, ಇದೊಂದು ನಂಬರು ನೋಡಿಬಿಡ್ತೀನಣ್ಣ, ಎಂದು 64 ಎಂದು ಒತ್ತಿದಳು.